ಬಾಕ್ಸಿನ ಕಿವಿಯ ಮೂರು ಅಕ್ಷರ

ಒಬ್ಬ ಮನುಷ್ಯನ ಪೂರ್ವಾಪರ ಸರಿಯಾಗಿ ತಿಳಿಯಬೇಕಾದರೆ ಅವನ ಮೇಲೆ ಪ್ರೀತಿ ಇದ್ದರೆ ಸಾಲದು, ಸಂಶಯ ಇರಬೇಕು. ಪ್ರೀತಿ ಇದ್ದವರು ಏನನ್ನೂ ಕೇಳುವುದಿಲ್ಲ. ಪುಂಜಾಲಕಟ್ಟೆಯ ಹಾಜಬ್ಬರ ಜೀವನ ನನಗೆ ಇಷ್ಟಾದರೂ ಗೊತ್ತಿರುವುದು, ಆರು ತಿಂಗಳು ಅವರನ್ನು ಕಳ್ಳ ಎಂದು ನಂಬಿ ನಾನು ಊರೂರು ವಿಚಾರಿಸಿದ್ದರಿಂದ.

ನಾನು ಅನಂತಮತಿ. ಗುರುವಾಯನಕೆರೆ ಪೇಟೆಯಲ್ಲಿ ನಮ್ಮದು ಬೈಕಿನ ಸ್ಪೇರ್ ಪಾರ್ಟ್ಸ್ ಅಂಗಡಿ. ನಲವತ್ತು ವರ್ಷದ ಹಿಂದೆ ನನ್ನ ಮಾವ ಇಟ್ಟದ್ದು. ಈಗ ನನ್ನ ಗಂಡ ಶಾಂತಿರಾಜರು ಹೆಸರಿಗೆ ಯಜಮಾನರು. ಬೆಳಿಗ್ಗೆ ಬಸದಿಗೆ ಹೋಗಿ, ಮಧ್ಯಾಹ್ನ ನನಗೆ ಬುತ್ತಿ ತಂದುಕೊಟ್ಟು, ಯಾರು ಏನು ಹೇಳಿದರೂ "ಆಗಲಿ" ಎನ್ನುವ ಸಾಧು ಜೀವ. ಹಾಗಾಗಿ ಗಲ್ಲಾದಲ್ಲಿ ಕೂರುವವಳು ನಾನು, ಇಡೀ ಮನೆಯ ಪಾಲಿನ ಸಂಶಯ ಪಡಬೇಕಾದವಳೂ ನಾನೇ. ಮಾವ ಹೇಳುತ್ತಿದ್ದರು, "ಕೊಡುವವನು ದೇವರೇ ಆದರೂ ನೋಟನ್ನು ಬೆಳಕಿಗೆ ಹಿಡಿದು ನೋಡು, ದೇವರಿಗೆ ಬೇಸರ ಆಗುವುದಿಲ್ಲ." ಅದನ್ನು ನಾನು ತಪ್ಪದೆ ಪಾಲಿಸಿಕೊಂಡು ಬಂದಿದ್ದೇನೆ ಎಂದೇ ತಿಳಿದಿದ್ದೆ.

ಮಾವ ಕಲಿಸಿದ ಇನ್ನೊಂದು ವಿದ್ಯೆ ಹತ್ತು ಅಕ್ಷರದ್ದು. ಒಂದರಿಂದ ಸೊನ್ನೆಯವರೆಗೆ ಒಂದೊಂದು ಅಂಕಿಗೆ ಒಂದೊಂದು ಅಕ್ಷರ. ಸಾಮಾನು ಬಂದ ಕೂಡಲೇ, ಬಾಕ್ಸಿನ ಎರಡು ತುದಿಗೂ ಇರುವ ಮಡಿಸುವ ಕಿವಿಗಳಲ್ಲಿ ಒಂದನ್ನು ಎತ್ತಿ, ಅದರ ಒಳಮೈಯಲ್ಲಿ, ನಾವು ಅದನ್ನು ಎಷ್ಟಕ್ಕೆ ತಂದೆವು ಎನ್ನುವುದನ್ನು ಪೆನ್ಸಿಲಿನಿಂದ ಆ ಅಕ್ಷರಗಳಲ್ಲಿ ಬರೆದಿಡುವುದು. ಮೆಕ್ಯಾನಿಕ್‌ಗಳು ಬಂದು ಕಡಿಮೆ ಮಾಡಿ ಎಂದು ಗಂಟಲು ಹರಿದುಕೊಂಡಾಗ ನಾವು ಕಿವಿ ಎತ್ತಿ ನೋಡಿ, ಎಲ್ಲಿಯವರೆಗೆ ಇಳಿಯಬಹುದು ಎಂದು ತಿಳಿಯುತ್ತೇವೆ. ಎದುರಿಗೆ ನಿಂತವನಿಗೆ ಅದು ಬರೇ ಮೂರು ಅಕ್ಷರ. ಆ ಹತ್ತು ಅಕ್ಷರ ಯಾವುವೆಂದು ನಿಮಗೂ ಹೇಳುವುದಿಲ್ಲ. ಮಾವ ತೀರಿಕೊಂಡ ಮೇಲೆ ಅವು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ, ಅದರಲ್ಲಿ ನನ್ನ ಗಂಡನಿಗೆ ಪಾಪ, ಏಳಕ್ಕೂ ಎಂಟಕ್ಕೂ ಯಾವಾಗಲೂ ಅದಲು ಬದಲು.

ಸಾಮಾನು ತಂದುಕೊಡುವವನು ಮೂಡಬಿದಿರೆಯ ಜಯೇಶ್. ನನ್ನ ಗಂಡನ ಸೋದರಮಾವನ ಮಗ. ಪ್ರತಿ ಗುರುವಾರ ವ್ಯಾನಿನಲ್ಲಿ ಬಂದು, ಮೊದಲು ಮನೆಗೆ ಹೋಗಿ ಅತ್ತೆಯ ಕಾಲು ಮುಟ್ಟಿ, ಆಮೇಲೆ ಅಂಗಡಿಗೆ ಬಂದು "ಅತ್ತಿಗೆ, ಈ ವಾರ ಎಂಥೆಲ್ಲ ಬೇಕು?" ಎಂದು ಕೇಳುವ ಹುಡುಗ. ಹೋದ ವರ್ಷ ಯುಗಾದಿಯ ಹೊತ್ತಿಗೆ, "ಬ್ರೇಕ್ ಶೂವಿಗೆ ಈಗ ಸ್ಕೀಮ್ ಉಂಟು, ನಿಮಗೆ ಅಂತ ತೆಗೆದಿಟ್ಟಿದ್ದೇನೆ" ಎಂದು ಕಡಿಮೆಗೇ ಕೊಡತೊಡಗಿದ. ನಮ್ಮವನು ಎಂದರೆ ಹೀಗಿರಬೇಕು ಎಂದುಕೊಂಡು ಅವನಿಗೆ ಒಂದು ಲೋಟ ಜಾಸ್ತಿ ಕಷಾಯ ಮಾಡಿಕೊಟ್ಟೆ.

ಇನ್ನು ಹಾಜಬ್ಬ. ಅರುವತ್ತು ದಾಟಿದ ಪ್ರಾಯ, ಬಿಳಿ ಟೊಪ್ಪಿ, ಕಪ್ಪಾದ ಉಗುರು, ಸಿಮೆಂಟ್ ಗೋಣಿಯಿಂದ ಹೊಲಿದ ಚೀಲ. ಮಂಗಳವಾರ ಮತ್ತು ಶನಿವಾರ ಪುಂಜಾಲಕಟ್ಟೆಯಿಂದ ಬಸ್ಸಿನಲ್ಲಿ ಬಂದು ಇಲ್ಲಿಯ ಗ್ಯಾರೇಜುಗಳಿಗೆ ಒಂದು ಸುತ್ತು ಹಾಕುತ್ತಿದ್ದರು. ಅವರ ಕಸುಬು ಲೈನರ್ ಅಂಟಿಸುವುದು. ಬ್ರೇಕ್ ಶೂ ಎಂದರೆ ಚಕ್ರದ ಡ್ರಮ್ಮಿನೊಳಗೆ ಕೂರುವ ಎರಡು ಅಲ್ಯೂಮಿನಿಯಂ ತುಂಡು. ಅವುಗಳ ಮೈಗೆ ಅಂಟಿಸಿದ ಪಟ್ಟಿಯೇ ಲೈನರ್, ಡ್ರಮ್ಮಿಗೆ ಉಜ್ಜಿ ಗಾಡಿಯನ್ನು ನಿಲ್ಲಿಸುವುದು ಅದು. ಪಟ್ಟಿ ಸವೆದರೆ, ಕಂಪೆನಿಯ ಪ್ರಕಾರ ಇಡೀ ಶೂ ಬಿಸಾಡಿ ಹೊಸ ಜೋಡಿ ಹಾಕಬೇಕು, ಮುನ್ನೂರ ನಲವತ್ತು ರೂಪಾಯಿ. ಹಾಜಬ್ಬರ ಪ್ರಕಾರ ಹಳೆಯ ಶೂ ಗಟ್ಟಿ ಇರುವಾಗ ಬಿಸಾಡುವುದು ಯಾಕೆ, ಹೊಸ ಪಟ್ಟಿ ಅಂಟಿಸಿದರೆ ಸಾಕು, ನೂರಿಪ್ಪತ್ತು ರೂಪಾಯಿ. ನನ್ನ ಮುನ್ನೂರ ನಲವತ್ತಕ್ಕೆ ನೂರಿಪ್ಪತ್ತು ಹೇಳುವ ಮನುಷ್ಯನನ್ನು ನಾನು ಪ್ರೀತಿಯಿಂದ ನೋಡಬೇಕಿತ್ತೇ?

ಆದರೆ ಸಂಶಯ ಶುರುವಾದದ್ದು ಅದಕ್ಕಲ್ಲ. ಒಂದು ಶನಿವಾರ ಅವರು ನಮ್ಮ ಅಂಗಡಿಗೇ ಬಂದರು.

"ಅಮ್ಮ, ಖಾಲಿ ಬಾಕ್ಸ್ ಉಂಟಾ? ಬ್ರೇಕ್ ಶೂವಿನದ್ದು."

"ಎಂಥಕ್ಕೆ?"

"ಹೀಗೇ. ಬೇಕಿತ್ತು."

"ಹೀಗೇ ಬೇಕಾಗುವುದು ಮಕ್ಕಳಿಗೆ, ಆಟ ಆಡ್ಲಿಕ್ಕೆ. ನಿಮಗೆ ಎಂಥಕ್ಕೆ?"

ಅವರು ನನ್ನ ಮುಖ ನೋಡಿದರು, ಹಿಂದಿನ ಕಪಾಟು ನೋಡಿದರು, ಕೊನೆಗೆ ನನ್ನ ಕೈಯ ಪೆನ್ಸಿಲನ್ನು ನೋಡಿ ಹೊರಟುಹೋದರು. ಈ ವ್ಯಾಪಾರದಲ್ಲಿರುವವರಿಗೆಲ್ಲ ಗೊತ್ತು, ಒರಿಜಿನಲ್ ಬಾಕ್ಸಿಗೆ ಡುಪ್ಲಿಕೇಟ್ ತುಂಬಿಸಿ ಮಾರುವ ದಂಧೆ ಒಂದು ಉಂಟು. ಅದಕ್ಕೇ ಸಾಮಾನು ಹಾಕಿದ ಮೇಲೆ ಬಾಕ್ಸ್ ಹರಿದು ಬಿಸಾಡಿ ಎನ್ನುತ್ತಾರೆ. ಯಾರೂ ಹರಿಯುವುದಿಲ್ಲ, ನಟ್ಟು ಬೋಲ್ಟು ಹಾಕಿಡಲು ಬೇಕಲ್ಲ. ಬೀದಿ ಬೀದಿ ತಿರುಗಿ ಹಳೆಯ ಶೂ ಒಟ್ಟು ಮಾಡುವ ಮನುಷ್ಯನಿಗೆ ಖಾಲಿ ಬಾಕ್ಸ್ ಯಾಕೆ ಎಂದು ಯೋಚಿಸಲು ಡಿಗ್ರಿ ಓದಬೇಕಾಗಿಲ್ಲ.

ಮಳೆಗಾಲ ಹಿಡಿದು ಹದಿನೈದು ದಿನವಾಗಿತ್ತು. ಕಮಲಾಕ್ಷ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದ, ಬಲಗೈಗೆ ಪ್ಲಾಸ್ಟರ್. ಅವನು ದನಗಳಿಗೆ ಇಂಜೆಕ್ಷನ್ ಕೊಡಲು ಹಟ್ಟಿಯಿಂದ ಹಟ್ಟಿಗೆ ಬೈಕಿನಲ್ಲಿ ಹೋಗುವವನು, ಹಿಂದೆ ಇಂಜೆಕ್ಷನಿನ ಭಾರದ ಕ್ಯಾನು ಕಟ್ಟಿಕೊಂಡು ದಿನಕ್ಕೆ ಐವತ್ತು ಅರುವತ್ತು ಕಿಲೋಮೀಟರ್ ಓಡಿಸುವವನು. ಮಡಂತ್ಯಾರಿನ ಹತ್ತಿರ ಒಂದು ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರದ ಲೈನರ್ ಕಿತ್ತು ಬಂದು, ಡ್ರಮ್ಮಿಗೆ ಸಿಕ್ಕಿಕೊಂಡು, ಚಕ್ರ ಗಪ್ಪನೆ ನಿಂತು ಗಾಡಿ ಮಗುಚಿತ್ತು. ಎಡಗೈಯಿಂದ ಅವನು ಕಾಗದದ ಪೊಟ್ಟಣ ಬಿಚ್ಚಿ, ಕಿತ್ತು ಬಂದ ಪಟ್ಟಿಯನ್ನೂ ಬೋಳು ಶೂವನ್ನೂ ಮೇಜಿನ ಮೇಲಿಟ್ಟ.

"ಅಕ್ಕ, ಇದು ನಿಮ್ಮಲ್ಲಿಂದ ತೆಗೆದುಕೊಂಡದ್ದು. ಒಂದೂವರೆ ತಿಂಗಳು ಆಗ್ಲಿಲ್ಲ."

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಎಲ್ಲರ ಕಣ್ಣು ನನ್ನ ಮೇಲೆ. ನಾನು ಶೂವನ್ನು ತಿರುಗಿಸಿ ನೋಡಿದೆ. ಕಂಪೆನಿಯ ಅಚ್ಚು ಇರಬೇಕಾದ ಕಡೆ ಮಸುಕು ಮಸುಕಾದ ಗೀರು. ಕಣ್ಣಿಗೆ ಕಾಣುವ ಹಾಗೆ ಡುಪ್ಲಿಕೇಟ್.

"ಇದು ನಮ್ಮದಲ್ಲ," ಎಂದೆ. "ನಾವು ಕೊಟ್ಟದ್ದು ಒರಿಜಿನಲ್. ಹಾಕುವ ಕಡೆ ಬದಲಾಗಿದೆ. ಇಲ್ಲದಿದ್ದರೆ ಎಲ್ಲಿಯೋ ನೂರು ನೂರಿಪ್ಪತ್ತಕ್ಕೆ ಸಿಗ್ತದೆ ಅಂತ ಹಾಕಿಸಿಕೊಂಡು ಈಗ ನಮ್ಮ ತಲೆಗೆ ಕಟ್ಟಲು ಬಂದಿದ್ದೀರಿ."

"ನಾನು ಸುಳ್ಳು ಹೇಳ್ತೇನಾ ಅಕ್ಕ?" ಎಂದು ಅವನು ಕೇಳಿದ. ಜಗಳವಾಡುವ ಸ್ವರವಲ್ಲ, ನಿಜವಾಗಿ ಕೇಳಿದ್ದು.

"ಅದು ನಿಮಗೇ ಗೊತ್ತು," ಎಂದೆ.

ಅವನು ಒಂದೇ ಕೈಯಲ್ಲಿ ಪೊಟ್ಟಣ ಕಟ್ಟಲು ಹೋಗಿ ಆಗದೆ, ಹಾಗೇ ಚೀಲಕ್ಕೆ ತುಂಬಿಸಿಕೊಂಡು ಇಳಿದುಹೋದ. ನಲವತ್ತು ವರ್ಷ ಈ ಅಂಗಡಿಯಲ್ಲಿ ಡುಪ್ಲಿಕೇಟ್ ಹೊಕ್ಕಿಲ್ಲ. ನಮ್ಮಲ್ಲಿ ರೇಟು ಜಾಸ್ತಿ ಎಂದು ಬೈದವರೂ ಬ್ರೇಕಿನ ಸಾಮಾನಿಗೆ ಮಾತ್ರ ನಮ್ಮಲ್ಲಿಗೇ ಬರುತ್ತಿದ್ದರು. ಆ ಹೆಸರಿಗೆ ಯಾರೋ ಮಸಿ ಬಳಿಯುತ್ತಿದ್ದಾರೆ. ಯಾರು ಎಂದು ಹಿಡಿಯದಿದ್ದರೆ ನಾಳೆ ಅಂಗಡಿಗೆ ನೊಣವೂ ಬರುವುದಿಲ್ಲ.

ಕಮಲಾಕ್ಷನ ಬೈಕಿಗೆ ಶೂ ಹಾಕಿದ್ದು ಎದುರಿನ ಗ್ಯಾರೇಜಿನ ಅಝೀಮ್. ಹಾಜಬ್ಬ ವಾರಕ್ಕೆರಡು ಸಲ ಬಂದು ಕೂರುವುದು ಆ ಗ್ಯಾರೇಜಿನಲ್ಲೇ. ಎರಡಕ್ಕೆ ಎರಡು ಕೂಡಿಸಿದೆ. ನಮ್ಮ ಒರಿಜಿನಲ್ ಹಾಜಬ್ಬರ ಚೀಲಕ್ಕೆ, ಅವರ ಡುಪ್ಲಿಕೇಟ್ ಜನರ ಚಕ್ರಕ್ಕೆ, ಖಾಲಿ ಬಾಕ್ಸು ಮುಂದಿನ ಬೇಟೆಗೆ. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. "ಇರಲಿಕ್ಕಿಲ್ಲ," ಎಂದರು. ಅವರಿಗೆ ಯಾವುದೂ ಇರಲಿಕ್ಕಿಲ್ಲ.

ನಾನು ವಿಚಾರಣೆ ಶುರುಮಾಡಿದೆ. ಮೊದಲು ಬೆಳ್ತಂಗಡಿ. ನನ್ನ ಗುರುತಿಲ್ಲದ ಒಂದು ಅಂಗಡಿಯಲ್ಲಿ ಅದೇ ಬ್ರೇಕ್ ಶೂವಿನ ರೇಟು ಕೇಳಿದೆ, ಮುನ್ನೂರ ನಲವತ್ತು, ಹತ್ತು ರೂಪಾಯಿ ಬಿಟ್ಟರು. ಹಾಜಬ್ಬ ಎನ್ನುವವರು ಇಲ್ಲಿಗೆ ಬಾಕ್ಸ್ ಕೇಳಿಕೊಂಡು ಬರುತ್ತಾರಾ ಎಂದೆ. "ಲೈನರಿನ ಹಾಜಬ್ಬನಾ? ಬರ್ತಾರೆ. ಬಾಕ್ಸ್ ಎಲ್ಲ ಕೇಳಿದ್ದಿಲ್ಲ," ಎಂದರು. ಅದು ಇನ್ನೂ ವಿಚಿತ್ರವಾಯಿತು.

ಮುಂದಿನ ವಾರ ಬಂಟ್ವಾಳ. ಹಾಜಬ್ಬ ಮೊದಲು ಅಲ್ಲಿ ಲಾರಿಗಳ ಬ್ರೇಕ್ ಕೆಲಸದ ವರ್ಕ್‌ಶಾಪಿನಲ್ಲಿದ್ದರೆಂದು ಯಾರೋ ಹೇಳಿದ್ದರು. ಯಜಮಾನರು ಅಬೂಬಕ್ಕರ್ ಎಂಬ ಮುದುಕರು, ನಾನು ಏನೋ ಕೆಲಸ ಕೊಡುವ ವಿಷಯಕ್ಕೆ ವಿಚಾರಿಸುತ್ತಿದ್ದೇನೆ ಎಂದುಕೊಂಡು ಕುರ್ಚಿ ಹಾಕಿಸಿ ಮಾತಾಡಿದರು. ಹಾಜಬ್ಬ ಹನ್ನೆರಡನೇ ವಯಸ್ಸಿಗೆ ಅಲ್ಲಿಗೆ ಬಂದವರಂತೆ, ಲಾರಿ ಲೈನರಿಗೆ ರಿವೆಟ್ ಹೊಡೆಯಲು. ಇಪ್ಪತ್ತೇಳು ವರ್ಷ ದುಡಿದರಂತೆ.

"ಕೆಲಸ ಭಾರೀ ಒಳ್ಳೆಯದು," ಎಂದರು ಅಬೂಬಕ್ಕರ್. "ಬಾಯಿ ಮಾತ್ರ ಸರಿ ಇಲ್ಲ. ಒಂದು ವರ್ಷ ನಾನು ಲೈನರ್ ಸ್ವಲ್ಪ ಕಡಿಮೆಯದ್ದು ತರಿಸಿದ್ದೆ, ಎಲ್ಲರೂ ತರಿಸ್ತಿದ್ರು. ಇವ ಹೋಗಿ ಲಾರಿಯವನ ಹತ್ರವೇ ಹೇಳಿದ, ಇದು ಘಾಟಿಯಲ್ಲಿ ನಿಲ್ಲುವುದಿಲ್ಲ ಅಂತ. ಲಾರಿಯವ ನಂಬಲೂ ಇಲ್ಲ, ಇವನ ಹತ್ರ ತೋರಿಸ್ಲಿಕ್ಕೆ ಎಂಥದೂ ಇರ್ಲಿಲ್ಲ. ನಾನು ಅದೇ ದಿವಸ ಲೆಕ್ಕ ಮುಗಿಸಿ ಕಳಿಸಿದೆ."

ನನಗೆ ಬೇಕಾದದ್ದು ಸಿಕ್ಕಿತು. ಅನ್ನ ಕೊಟ್ಟವನ ಹೆಸರನ್ನೇ ಕೆಡಿಸಿದವರು ನನ್ನ ಹೆಸರನ್ನು ಬಿಟ್ಟಾರೆಯೇ? ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಒಂಥರಾ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ.

ದೀಪಾವಳಿ ಕಳೆದು ನನ್ನ ತವರು ಮೂಡಬಿದಿರೆಗೆ ಹೋದೆ. ಅಲ್ಲಿ ಬದ್ರುದ್ದೀನ್ ಎನ್ನುವವರದ್ದು ಒಂದು ಬೇಕರಿ ಇತ್ತು, ಸಣ್ಣವಳಿರುವಾಗ ನಾವು ಬನ್ನು ತರುತ್ತಿದ್ದದ್ದು ಅಲ್ಲಿಂದ. ಬೇಕರಿ ಮುಚ್ಚಿ ವರ್ಷಗಳಾದವು. ಮಾತಿಗೆ ಮಾತು ಬಂದು ಅವರು ಹೇಳಿದರು, ಓವನ್ನು ಪುಂಜಾಲಕಟ್ಟೆಯ ಒಬ್ಬರಿಗೆ ಮಾರಿದೆ, ಹಾಜಬ್ಬ ಅಂತ ಹೆಸರು. "ಬ್ರೆಡ್ ಮಾಡ್ಲಿಕ್ಕೆ ಅಂತ ಎಣಿಸಿದ್ದೆ. ಒಂದು ಸಲ ಹೋಗಿ ನೋಡಿದ್ರೆ ಒಳಗೆ ಬ್ರೇಕಿನ ಶೂ ಸಾಲಾಗಿ ಬೇಯ್ತಾ ಉಂಟು ಮಾರಾಯ್ತಿ! ಅಂಟು ಗಟ್ಟಿ ಹಿಡೀಲಿಕ್ಕಂತೆ. ಅವರ ಹೆಂಡತಿಗೆ ಅದರಲ್ಲಿ ಒಂದು ದಿನ ಕೇಕ್ ಮಾಡುವ ಅಂತ ಆಸೆ ಇತ್ತಂತೆ, ಮುಟ್ಲಿಕ್ಕೆ ಬಿಡ್ಲಿಲ್ಲವಂತೆ."

ಓವನ್! ಹಾಗಾದರೆ ಇದು ಸಣ್ಣ ಕೈಚಳಕವಲ್ಲ, ಫ್ಯಾಕ್ಟರಿಯೇ ಉಂಟು. ಹಿಂದೆ ಬರುವ ದಾರಿಯಲ್ಲಿ ನಮ್ಮೂರಲ್ಲಿ ಇಳಿದವಳು ಮನೆಗೆ ಹೋಗದೆ ಸೀದಾ ಅಝೀಮನ ಗ್ಯಾರೇಜಿಗೆ ನಡೆದೆ.

"ಅಝೀಮ್, ಹಾಜಬ್ಬರಿಗೆ ನೀನು ಬಾಕ್ಸ್ ಕೊಡ್ತೀಯಾ?"

ಅವನು ಕೈ ಒರೆಸಿಕೊಂಡ. "ಕೊಡ್ತೇನೆ ಅಕ್ಕ. ಒಂದಕ್ಕೆ ಐದು ರೂಪಾಯಿ ಕೊಡ್ತಾರೆ. ಉಳಿದದ್ದು ಗುಜರಿಯವರಿಗೆ ಹೋಗ್ತದೆ. ಆದರೆ ಹಾಜಬ್ಬರಿಗೆ ಎಲ್ಲರದ್ದು ಆಗುವುದಿಲ್ಲ. ನಿಮ್ಮ ಅಂಗಡಿದ್ದೇ ಆಗ್ಬೇಕಂತೆ."

"ನಮ್ಮದು ಅಂತ ಹೇಗೆ ಗೊತ್ತಾಗ್ತದೆ?"

"ಕಿವಿ ಒಳಗೆ ಪೆನ್ಸಿಲ್ ಅಕ್ಷರ ಉಂಟಲ್ಲ."

ಮಾವನ ಅಕ್ಷರದ ಮೇಲೆ ಕಣ್ಣಿಟ್ಟಿದ್ದಾರೆ. ಮಾರನೆಯ ದಿನ ಅಂಗಡಿಗೆ ಗಂಡನನ್ನು ಕೂರಿಸಿ, ಸ್ಕೂಟರ್ ಹತ್ತಿ ಪುಂಜಾಲಕಟ್ಟೆಗೆ ಹೋದೆ. ದಾರಿಯುದ್ದಕ್ಕೂ ಏನು ಬೈಯಬೇಕು ಎಂದು ಒಂದೊಂದೇ ಮಾತು ಜೋಡಿಸಿಕೊಂಡೆ. ಪೊಲೀಸರ ಹೆಸರು ಯಾವಾಗ ಎತ್ತಬೇಕು ಎಂಬುದನ್ನೂ ತೀರ್ಮಾನಿಸಿದ್ದೆ.

ಮುಖ್ಯರಸ್ತೆಯಿಂದ ಒಳಗೆ, ಮನೆಯ ಪಕ್ಕದಲ್ಲೇ ಶೀಟಿನ ಮಾಡಿನ ಶೆಡ್ಡು. ಹಾಜಬ್ಬ ಮಣೆಯ ಮೇಲೆ ಕೂತು ಒಂದು ಶೂವನ್ನು ಕಲ್ಲಿಗೆ ಬಡಿದು ಕಿವಿಯ ಹತ್ತಿರ ಹಿಡಿದು ಕೇಳುತ್ತಿದ್ದರು, ತೆಂಗಿನಕಾಯಿ ನೋಡುವವರ ಹಾಗೆ. ನನ್ನನ್ನು ಕಂಡು ಎದ್ದರು. ಆಶ್ಚರ್ಯ ಪಟ್ಟ ಹಾಗೆ ಕಾಣಲಿಲ್ಲ.

"ಬನ್ನಿ ಅಮ್ಮ. ಒಂದು ದಿವಸ ಬರ್ತೀರಿ ಅಂತ ಗೊತ್ತಿತ್ತು. ಕೂತ್ಕೊಳ್ಳಿ, ಮರದಿಂದ ಎಳನೀರಿನ ಬೊಂಡ ತೆಗೆಸ್ತೇನೆ."

"ನಿಮ್ಮ ಬೊಂಡ ಬೇಡ. ನಮ್ಮ ಬಾಕ್ಸ್ ಎಲ್ಲಿ ಉಂಟು ಅದು ತೋರಿಸಿ."

ಅವರು ಒಳಗೆ ಕೈ ತೋರಿಸಿದರು. ಗೋಡೆಗೆ ಹಲಗೆ ಹೊಡೆದು ಸಾಲಾಗಿ ಬಾಕ್ಸ್ ಇಟ್ಟಿದ್ದರು. ಎಲ್ಲ ನಮ್ಮವು. ಒಂದೊಂದರ ಮೇಲೂ ಬೈಕಿನ ನಂಬರು, ಮೆಕ್ಯಾನಿಕ್‌ನ ಹೆಸರು, ತಾರೀಕು. ನಾನು ಒಂದನ್ನು ತೆಗೆದು ಅಲ್ಲಾಡಿಸಿದೆ. ಒಳಗೆ ಬೋಳು ಶೂ, ಕಿತ್ತು ಬಂದ ಪಟ್ಟಿ. ಇನ್ನೊಂದು ತೆಗೆದೆ. ಅದರಲ್ಲೂ ಅದೇ. ಮೂರನೆಯದರ ಮೇಲಿದ್ದದ್ದು ಕಮಲಾಕ್ಷನ ಬೈಕಿನ ನಂಬರು.

"ಇದೆಲ್ಲ ಎಂಥ?" ಎಂದೆ. ಜೋಡಿಸಿಕೊಂಡು ಬಂದ ಮಾತುಗಳು ಯಾವುವೂ ನೆನಪಾಗಲಿಲ್ಲ.

"ಯುಗಾದಿ ಕಳೆದ ಮೇಲೆ ಲೈನರ್ ಅಂಟಿಸಿ ಕೊಡಿ ಅಂತ ನನ್ನ ಹತ್ರ ಬಂದ ಶೂಗಳು. ಒಂದು ತಿಂಗಳು, ಎರಡು ತಿಂಗಳು ಓಡಿದ್ದು ಅಷ್ಟೆ. ಎಲ್ಲ ಡುಪ್ಲಿಕೇಟ್. ಎಲ್ಲಿಂದ ತೆಗೆದದ್ದು ಅಂತ ಕೇಳಿದ್ರೆ ಎಲ್ಲರೂ ನಿಮ್ಮ ಅಂಗಡಿ ಹೇಳಿದ್ರು. ಬಾಯಿಮಾತು ಬೇಡ, ಬಾಕ್ಸ್ ಇರ್ಲಿ ಅಂತ ಒಟ್ಟು ಮಾಡಿದೆ. ಹಿಂದೆ ಒಂದು ಸಲ ಬಾಯಿಮಾತಿನಲ್ಲಿ ಹೇಳಿ ಕೆಲಸ ಹೋಗಿದೆ ನನ್ನದು."

"ನಮ್ಮ ಬಾಕ್ಸಿಗೆ ನೀವೇ ಯಾಕೆ ಹಾಕಿರಬಾರದು?"

ಹಾಜಬ್ಬ ಕೋಪ ಮಾಡಿಕೊಳ್ಳಲಿಲ್ಲ. ಕಮಲಾಕ್ಷನ ಬಾಕ್ಸನ್ನು ನನ್ನ ಕೈಯಿಂದ ತೆಗೆದುಕೊಂಡು, ಎರಡೂ ಕಡೆಯ ಕಿವಿ ಎತ್ತಿ ಬೆಳಕಿಗೆ ಹಿಡಿದರು.

"ಇಲ್ಲಿ ನೋಡಿ. ಈ ಕಿವಿಯಲ್ಲಿ ನಿಮ್ಮ ಅಕ್ಷರ ಉಂಟು. ಆ ಕಡೆಯ ಕಿವಿಯಲ್ಲೂ ಉಂಟು. ಒಂದು ಬಾಕ್ಸಿಗೆ ಎರಡು ಸಲ ಬರೆಯುವ ಕ್ರಮ ಉಂಟಾ ನಿಮ್ಮಲ್ಲಿ?"

ಇಲ್ಲ. ಕೈಗೆ ಯಾವ ಕಿವಿ ಸಿಕ್ಕಿತೋ ಅದನ್ನು ಎತ್ತಿ, ನೋಡದೆಯೂ ಬರೆದು, ಮುಚ್ಚಿ ಇಡುವುದು ನನ್ನ ಅಭ್ಯಾಸ. ಎರಡೂ ನನ್ನದೇ ಕೈಬರಹ.

"ಅಂದರೆ ಈ ಬಾಕ್ಸ್ ನಿಮ್ಮ ಅಂಗಡಿಗೆ ಎರಡು ಸಲ ಬಂದಿದೆ," ಎಂದರು ಅವರು. "ಒಮ್ಮೆ ಒರಿಜಿನಲ್ ಇಟ್ಟುಕೊಂಡು, ಇನ್ನೊಮ್ಮೆ ಇದನ್ನು ಇಟ್ಟುಕೊಂಡು. ಇಂಥದ್ದು ಐದು ಉಂಟು ನನ್ನ ಹತ್ರ. ನಿಮ್ಮಿಂದ ಹೋದದ್ದು ನಿಮಗೇ ತುಂಬಿ ಬರ್ತದೆ ಅಂದ್ರೆ ತುಂಬಿಸುವವರು ಯಾರು? ನೀವೇ ಅಂತ ನಾನು ಎಣಿಸಿದ್ದು, ಖಾಲಿ ಬಾಕ್ಸ್ ಇಟ್ಟಿದ್ದೀರಾ ಅಂತ ನೋಡ್ಲಿಕ್ಕೇ ಆ ದಿವಸ ಅಂಗಡಿಗೆ ಬಂದದ್ದು. ಈಗಲೂ ಪೂರ್ತಿ ಬಿಟ್ಟಿಲ್ಲ."

ನಾನು ಅವರನ್ನು ಕಳ್ಳ ಎಂದುಕೊಂಡು ಊರು ಸುತ್ತುತ್ತಿದ್ದಷ್ಟು ದಿನವೂ ಅವರು ನನ್ನನ್ನು ಕಳ್ಳಿ ಎಂದುಕೊಂಡು ಬಾಕ್ಸ್ ಕೂಡಿಡುತ್ತಿದ್ದರು. ನನಗೆ ನಗು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನಾನು ಆ ಅಕ್ಷರಗಳನ್ನು ಓದಿಯಾಗಿತ್ತು.

"ಎಂಥ ಬರೆದದ್ದು ಅದು?" ಎಂದು ಕೇಳಿದರು. "ಎರಡು ಕಡೆಯದ್ದು ಬೇರೆ ಬೇರೆ ಉಂಟು, ಅದು ನನಗೂ ಕಾಣ್ತದೆ. ಅರ್ಥ ಗೊತ್ತಾಗುವುದಿಲ್ಲ."

"ಯಾವ ಸಾಲಿನಲ್ಲಿ ಇಡಬೇಕು ಅಂತ ಗುರುತು," ಎಂದೆ. ಸುಳ್ಳು ನಾಲಿಗೆಯ ತುದಿಯಲ್ಲೇ ಕಾದು ಕೂತಿದ್ದ ಹಾಗೆ ಬಂತು.

"ಹೌದಾ," ಎಂದರು ಹಾಜಬ್ಬ. ತಲೆಯಾಡಿಸಿ, ಬಾಕ್ಸಿನ ಕಿವಿ ಮಡಿಸಿ, ಹಲಗೆಯ ಮೇಲೆ ಅದರ ಜಾಗಕ್ಕೆ ಇಟ್ಟುಬಿಟ್ಟರು.

ಮುಗಿಯಿತು. ನಂಬಿಬಿಟ್ಟರು. ಆರು ತಿಂಗಳು ನನ್ನ ಮೇಲೆ ಸಂಶಯ ಇಟ್ಟುಕೊಂಡಿದ್ದ ಮನುಷ್ಯ, ನಾನು ಎದುರು ನಿಂತು ಹೇಳಿದ ಒಂದು ಮಾತನ್ನು ಮರುಪ್ರಶ್ನೆಯಿಲ್ಲದೆ ನಂಬಿದರು. ನಾನು ಕಮಲಾಕ್ಷನಿಗೆ ಅಷ್ಟು ಮಾಡಿರಲಿಲ್ಲ. ಮುರಿದ ಕೈ ಹಿಡಿದುಕೊಂಡು "ನಾನು ಸುಳ್ಳು ಹೇಳ್ತೇನಾ ಅಕ್ಕ" ಎಂದು ಅವನು ಕೇಳಿದ ಸ್ವರ ಆ ಶೀಟಿನ ಮಾಡಿನಡಿಯಲ್ಲಿ ನನಗೆ ಮತ್ತೆ ಕೇಳಿಸಿತು. ನಾನು ಆಗ ಹೊರಟು ಬರಬಹುದಿತ್ತು. ಆ ಅಕ್ಷರ ಓದುವವರು ಪ್ರಪಂಚದಲ್ಲಿ ಇಬ್ಬರೇ.

"ಹಾಜಬ್ಬ," ಎಂದೆ. "ಅದು ಸಾಲಿನ ಗುರುತಲ್ಲ. ನಾವು ತಂದ ರೇಟು."

ಅವರು ಬಾಕ್ಸನ್ನು ಹಲಗೆಯಿಂದ ಮತ್ತೆ ಕೆಳಗಿಳಿಸಿದರು.

"ಮೊದಲು ಬರೆದದ್ದು ಇನ್ನೂರ ಎಪ್ಪತ್ತೆರಡು. ಎರಡನೆಯದ್ದು ನೂರ ತೊಂಬತ್ತು."

"ಮುನ್ನೂರ ನಲವತ್ತರ ಸಾಮಾನು ನೂರ ತೊಂಬತ್ತಕ್ಕೆ ಒರಿಜಿನಲ್ ಬರ್ತದಾ ಅಮ್ಮ?"

"ಬರುವುದಿಲ್ಲ."

"ತೆಗೆದುಕೊಳ್ಳುವಾಗ ಗೊತ್ತಿತ್ತಾ?"

ಗೊತ್ತಿರಲಿಲ್ಲ ಎಂದರೆ ಅದೂ ನಿಜವೇ. ಆದರೆ ಐದು ರೂಪಾಯಿಯ ವಾಷರಿನಲ್ಲಿ ಎಂಟಾಣೆ ಹೆಚ್ಚು ಕಡಿಮೆಯಾದರೆ ಮೂರು ಸಲ ಫೋನ್ ಮಾಡಿ ವಿಚಾರಿಸುವವಳು ನಾನು. ಒಂದು ಜೋಡಿಗೆ ಎಂಬತ್ತೆರಡು ರೂಪಾಯಿ ಇಳಿದಾಗ, ಯಾಕೆ ಇಳಿಯಿತು ಎಂದು ನನ್ನ ಬಾಯಿಂದ ಒಂದು ಮಾತು ಹೊರಟಿರಲಿಲ್ಲ. ಕಷಾಯ ಮಾಡಿಕೊಟ್ಟಿದ್ದೆ.

"ಕೇಳಲಿಲ್ಲ," ಎಂದೆ. "ತಂದುಕೊಟ್ಟವನು ನಮ್ಮವನು. ಕೇಳಲಿಲ್ಲ."

ಹಾಜಬ್ಬ ಹೊರಗೆ ಹೋಗಿ ಒಂದು ಬೊಂಡ ಕೆತ್ತಿ ತಂದರು. ಈ ಸಲ ಬೇಡ ಎನ್ನಲಿಲ್ಲ. ನಾನು ಅಳುತ್ತಿದ್ದೆ, ಅದು ಅವರಿಗೆ ಕಾಣದ ಹಾಗೆ ಬೊಂಡ ಎತ್ತಿ ಕುಡಿದೆ.

ಗುರುವಾರ ಜಯೇಶ್ ಬಂದ. ಅವನು ತಂದ ಪೆಟ್ಟಿಗೆಯನ್ನು ಅವನ ಎದುರೇ ಒಡೆದು, ಇಪ್ಪತ್ತನಾಲ್ಕು ಬಾಕ್ಸಿನ ಎರಡೂ ಕಿವಿ ಎತ್ತಿ ನೋಡಿದೆ. ಮೂರರಲ್ಲಿ ನನ್ನ ಪೆನ್ಸಿಲ್ ಇತ್ತು. ಗುಜರಿಗೆ ಹೋದದ್ದು ಸುತ್ತಿ ಬಳಸಿ ನನ್ನಲ್ಲಿಗೇ ಬಂದಿತ್ತು. "ನನಗೂ ಮೇಲಿನವರು ಕೊಟ್ಟದ್ದು ಅತ್ತಿಗೆ, ದೇವರಾಣೆ," ಎಂದ. ಅದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಗಂಡ ಬುತ್ತಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಎಲ್ಲದಕ್ಕೂ "ಆಗಲಿ" ಎನ್ನುವವರು, "ಇನ್ನು ಬೇಡ ಜಯೇಶ," ಎಂದರು. ಅತ್ತೆ ಒಂದು ತಿಂಗಳು ನಮ್ಮಿಬ್ಬರ ಹತ್ತಿರ ಮಾತಾಡಲಿಲ್ಲ.

ಯುಗಾದಿಯ ನಂತರ ನಾವು ಮಾರಿದ ಶೂಗಳನ್ನು ನೆನಪಿದ್ದಷ್ಟು ಹುಡುಕಿದೆವು. ಅಝೀಮ್ ಡ್ರಮ್ಮು ಬಿಚ್ಚಿದ, ಹಾಜಬ್ಬ ಬದಲು ಜೋಡಿ ಕೊಟ್ಟರು, ಖರ್ಚು ನಮ್ಮದು. ಸುದ್ದಿ ಹರಡಿತು. ಕೆಲವರು ಮೆಚ್ಚಿದರು, ಬಹಳ ಜನ ಬರುವುದು ಬಿಟ್ಟರು.

ಕಮಲಾಕ್ಷನ ಮನೆಗೆ ಗಂಡ ಹೆಂಡತಿ ಇಬ್ಬರೂ ಹೋದೆವು. ಅವನ ಹೆಂಡತಿಯ ಎದುರು, ಅಂಗಳಕ್ಕೆ ಬಂದು ನಿಂತ ನೆರೆಯವರ ಎದುರು ಹೇಳಿದೆ, ನೀನು ಹೇಳಿದ್ದು ನಿಜ, ಸುಳ್ಳು ಹೇಳಿದವಳು ನಾನು. ನಾಲ್ಕು ಜನರ ಎದುರು ಅಂದದ್ದನ್ನು ನಾಲ್ಕು ಜನರ ಎದುರೇ ವಾಪಸ್ ತೆಗೆದುಕೊಳ್ಳಬೇಕಿತ್ತು. ಪ್ಲಾಸ್ಟರ್ ತೆಗೆದು ತಿಂಗಳುಗಳಾಗಿದ್ದರೂ ಮಣಿಗಂಟು ಪೂರ್ತಿ ತಿರುಗುತ್ತಿರಲಿಲ್ಲ. "ಆಯ್ತು ಅಕ್ಕ," ಎಂದ. ಕುಡಿಯಲು ಕೊಟ್ಟ. ಆದರೆ ಅವನು ಈಗ ಬ್ರೇಕ್ ಶೂ ತರುವುದು ಮೂಡಬಿದಿರೆಯಿಂದ, ಬಸ್ಸಿನ ಚಾರ್ಜು ಕೊಟ್ಟು. ತಪ್ಪು ಎನ್ನಲು ನನಗೆ ಬಾಯಿಲ್ಲ.

ಆ ಮೇಲಿನ ಮಂಗಳವಾರ ಹಾಜಬ್ಬ ಅಂಗಡಿಗೆ ಬಂದರು. ನಾನು ಒಂದು ಚೀಟಿ ಹರಿದು ಹತ್ತು ಅಕ್ಷರ ಬರೆದು, ಒಂದೊಂದರ ಕೆಳಗೆ ಅದರ ಅಂಕಿ ಬರೆದು ಅವರ ಕೈಗೆ ಕೊಟ್ಟೆ. ನಲವತ್ತು ವರ್ಷ ಮನೆಯಿಂದ ಹೊರಗೆ ಹೋಗದ ಅಕ್ಷರ.

"ಇದು ನನಗೆ ಎಂಥಕ್ಕೆ ಅಮ್ಮ?"

"ಓದ್ಲಿಕ್ಕೆ. ನಾನು ಇನ್ನೊಮ್ಮೆ ಕೇಳದೆ ಇದ್ದರೆ ನೀವಾದರೂ ಕೇಳಬೇಕಲ್ಲ."

ಅವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಟೊಪ್ಪಿಯ ಒಳಗೆ ಇಟ್ಟುಕೊಂಡರು. ಅಂದಿನಿಂದ ವಾರಕ್ಕೆ ಒಂದು ಸಲ ಬರುತ್ತಾರೆ. ಕಪಾಟಿನಿಂದ ತಮಗೆ ಬೇಕಾದ ಬಾಕ್ಸ್ ತಾವೇ ಆರಿಸಿ, ಕಿವಿ ಎತ್ತಿ, ತುಟಿ ಅಲ್ಲಾಡಿಸುತ್ತಾ ಓದುತ್ತಾರೆ. ಏಳಕ್ಕೂ ಎಂಟಕ್ಕೂ ಅವರಿಗೆ ಅದಲು ಬದಲು ಆಗುವುದಿಲ್ಲ. ಸರಿ ಇದ್ದರೆ ಏನೂ ಹೇಳದೆ ವಾಪಸ್ ಇಡುತ್ತಾರೆ.

ಮೊನ್ನೆ ಮಾತ್ರ ಒಂದು ಬಾಕ್ಸನ್ನು ಹಿಡಿದು ತಡೆದು ನಿಂತರು. "ಅಮ್ಮ, ಇದು ಹನ್ನೊಂದು ರೂಪಾಯಿ ಕಡಿಮೆ ಆಯ್ತಲ್ಲ?"

"ಕಂಪೆನಿಯವರೇ ಇಳಿಸಿದ್ದು. ಬಿಲ್ ಉಂಟು," ಎಂದೆ.

"ತೋರಿಸಿ."

ಬಿಲ್ಲು ತೆಗೆದುಕೊಟ್ಟೆ. ಅವರು ಬಾಗಿಲಿನವರೆಗೆ ಹೋಗಿ ಅದನ್ನು ಬೆಳಕಿಗೆ ಹಿಡಿದು, ಸೀಲು ತಾರೀಕು ಎಲ್ಲ ಓದಿದರು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಎಲ್ಲರೂ ನೋಡುತ್ತಿದ್ದರು. ನನಗೆ ಬೇಸರವಾಗಲಿಲ್ಲ.